ನನ್ನನ್ನು ಕೇಳದೆ ಹಾಕಿದ ಸಹಿ

ಸಿಇಟಿ ರ‍್ಯಾಂಕ್ ಬಂದ ವಾರ. ಅಪ್ಪ ಮತ್ತು ಸೋದರಮಾವ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಅರ್ಧ ಗಂಟೆ ಮಾತಾಡಿದರು. ನಾನು ಒಳಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಿವಿ ಕೊಟ್ಟಿದ್ದೆ. ಮಾವ ಸಣ್ಣ ಗುತ್ತಿಗೆದಾರರು, ಅಪ್ಪನಿಗೆ ಅವರ ಮಾತೆಂದರೆ ವೇದ. ಲೋಟ ತೆಗೆದುಕೊಂಡು ಒಳಗೆ ಬಂದ ಅಮ್ಮ, ‘ಸಿವಿಲ್ ಅಂತ ತೀರ್ಮಾನ ಆಯ್ತು ಕಣೇ’ ಎಂದಳು. ನನಗೆ ಬೇಕಿದ್ದದ್ದು ಕಂಪ್ಯೂಟರ್ ಸೈನ್ಸ್. ನನ್ನ ನಾಲ್ಕು ವರ್ಷಗಳ ಬಗ್ಗೆ ಇಬ್ಬರು ಒಪ್ಪಂದ ಮಾಡಿಕೊಂಡಿದ್ದರು. ಸುದ್ದಿ ನನಗೆ ತಲುಪಿದ್ದು ಲೋಟ ತೊಳೆಯುವ ಹೊತ್ತಿಗೆ.

ನಾನು ಜಗಳ ಆಡಲಿಲ್ಲ. ಆಪ್ಷನ್ ಎಂಟ್ರಿಯಲ್ಲಿ ಸಿವಿಲ್ ಅನ್ನು ನನ್ನ ಕೈಯಾರೆ ಮೊದಲು ತುಂಬಿದೆ. ಆದರೆ ಒಪ್ಪಲೂ ಇಲ್ಲ. ಮುನಿಸಿಕೊಂಡೇ ಮೊದಲ ವರ್ಷ ಕಳೆದೆ. ಅದರ ಫಲವಾಗಿ ಎರಡು ವಿಷಯ ಉಳಿದವು. ಅಪ್ಪನಿಗೆ ನಾನು ಕಳಿಸಿದ ಪ್ರತಿಭಟನಾ ಪತ್ರ ಅದು ಎಂದುಕೊಂಡಿದ್ದೆ. ಅಪ್ಪ ಅದನ್ನು ಬರೀ ಅಂಕಪಟ್ಟಿ ಎಂದೇ ಓದಿದರು.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಈ ಸೆಮಿಸ್ಟರ್‌ನಲ್ಲಿ ನನಗೆ ಸೆಮಿನಾರ್‌ಗೆ ಬಂದ ವಿಷಯ ಬೆಟ್ಟದ ರೈಲು ಮಾರ್ಗಗಳು. ನಮ್ಮೂರು ಸಕಲೇಶಪುರದ ಕಡೆ. ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯ ರೈಲಿನ ಸದ್ದು ಕೇಳಿಕೊಂಡೇ ಬೆಳೆದವಳು ನಾನು. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, 50 ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಕಡಿದಾದ ಇಳಿಜಾರು. ಇದಕ್ಕಿಂತ ಕಡಿದಾದದ್ದು ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಚೀನಾದ ಪೆಕಿಂಗ್–ಕಲ್ಗನ್ ಮಾರ್ಗ. ಇಂದಿನ ಹೆಸರಿನಲ್ಲಿ ಬೀಜಿಂಗ್–ಝಾಂಗ್‌ಜಿಯಾಕೋ. 1905ರಲ್ಲಿ ಶುರುವಾಗಿ 1909ರಲ್ಲಿ ಮುಗಿದ, ಸುಮಾರು 200 ಕಿಲೋಮೀಟರ್ ಉದ್ದದ ದಾರಿ. ಮಹಾಗೋಡೆಯ ಬುಡದಲ್ಲಿ ಬೆಟ್ಟ ಹತ್ತುವ ಕಡೆ ಅದರ ಏರು 30ಕ್ಕೆ ಒಂದು.

ಅಷ್ಟು ಏರನ್ನು ಆ ಕಾಲದ ಉಗಿಬಂಡಿ ಹತ್ತುವಂತೆ ಮಾಡಿದ ಉಪಾಯ ಸೊಗಸಾಗಿದೆ. ಬೆಟ್ಟವನ್ನು ಸುತ್ತುವಷ್ಟು ಜಾಗವಿಲ್ಲದ ಕಡೆ ಹಳಿಯನ್ನು ಒಂದು ಕೊನೆಯವರೆಗೆ ಒಯ್ದು ನಿಲ್ಲಿಸಿದ್ದಾರೆ. ರೈಲು ಅಲ್ಲಿ ನಿಲ್ಲುತ್ತದೆ. ಆಮೇಲೆ ಹಿಂದಿದ್ದ ಎಂಜಿನ್ ಮುಂದಾಗಿ, ಮುಂದಿದ್ದದ್ದು ಹಿಂದಾಗಿ, ಇನ್ನೊಂದು ಕವಲಿನಲ್ಲಿ ಮೇಲಕ್ಕೆ ಹತ್ತುತ್ತದೆ. ಮೇಲಿನಿಂದ ನೋಡಿದರೆ ಚೀನೀ ಲಿಪಿಯಲ್ಲಿ ‘ಮನುಷ್ಯ’ ಎಂದು ಬರೆಯುವ ಅಕ್ಷರದಂತೆ ಕಾಣುತ್ತದೆ. ಬಡಾಲಿಂಗ್‌ನ 1,091 ಮೀಟರ್ ಸುರಂಗಕ್ಕೆ ಎರಡು ತುದಿಯಿಂದ ಅಗೆದರೆ ಸಾಲದು ಎಂದು ಬೆಟ್ಟದ ನೆತ್ತಿಯಿಂದ ಬಾವಿಯಂತೆ ಕೊರೆದು, ಒಳಗಿನಿಂದಲೂ ಎರಡು ಕಡೆಗೆ ಅಗೆದರು. ಆರು ವರ್ಷದ ಕೆಲಸ ನಾಲ್ಕೇ ವರ್ಷದಲ್ಲಿ, ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಯಿತು. ಮುಖ್ಯ ಎಂಜಿನಿಯರ್ ಝಾನ್ ಟಿಯಾನ್‌ಯೂ. ವಿದೇಶಿ ಎಂಜಿನಿಯರ್‌ಗಳಿಲ್ಲದೆ ಚೀನಾ ಕಟ್ಟಿಕೊಂಡ ಮೊದಲ ಪ್ರಮುಖ ರೈಲು ಮಾರ್ಗ ಇದು.

ಸೆಮಿನಾರ್ ಚೆನ್ನಾಗಿಯೇ ಹೋಯಿತು. ಕೊನೆಯಲ್ಲಿ ಹಿಂದಿನ ಬೆಂಚಿನ ಗೆಳೆಯನೊಬ್ಬ ಎದ್ದು, ‘ಆಗ ಚೀನಾದ ರೈಲುಗಳನ್ನೆಲ್ಲ ಹೊರಗಿನವರೇ ಕಟ್ಟುತ್ತಿದ್ದರಲ್ಲ, ಇದೊಂದನ್ನು ಮಾತ್ರ ಹೇಗೆ ಬಿಟ್ಟುಕೊಟ್ಟರು?’ ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನೋಡಿ ಹೇಳ್ತೀನಿ’ ಎಂದು ಕೂತೆ. ನೋಡುತ್ತಾ ಹೋದವಳು ರೈಲು ಬಿಟ್ಟು ಇತಿಹಾಸಕ್ಕೆ ಇಳಿದೆ.

ಗೋಡೆಯೇ ಗಡಿಯಾಯಿತು

1895ರಲ್ಲಿ ಜಪಾನಿನ ಎದುರು ಸೋತ ಮೇಲೆ ಚೀನಾದ ದುರ್ಬಲತೆ ಎಲ್ಲರಿಗೂ ಗೊತ್ತಾಗಿತ್ತು. ಜರ್ಮನಿ, ರಷ್ಯಾ, ಬ್ರಿಟನ್, ಫ್ರಾನ್ಸ್ ಒಬ್ಬರ ಹಿಂದೊಬ್ಬರು ಬಂದು ಬಂದರುಗಳನ್ನು ಗುತ್ತಿಗೆಗೆ ಪಡೆದರು, ರೈಲು ಹಾಕುವ ಹಕ್ಕು ಕೇಳಿದರು. ಕೇಳುವವರು ಹೆಚ್ಚಾದಾಗ ಅವರವರಲ್ಲೇ ಘರ್ಷಣೆ ಶುರುವಾಯಿತು. ಅದನ್ನು ತಪ್ಪಿಸಲು 1899ರ ಏಪ್ರಿಲ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬ್ರಿಟನ್ನಿನ ರಾಯಭಾರಿ ಚಾರ್ಲ್ಸ್ ಸ್ಕಾಟ್ ಮತ್ತು ರಷ್ಯಾದ ವಿದೇಶಾಂಗ ಮಂತ್ರಿ ಮುರಾವ್ಯೋವ್ ಪತ್ರಗಳನ್ನು ಬದಲಾಯಿಸಿಕೊಂಡರು. ಮಹಾಗೋಡೆಯ ಉತ್ತರಕ್ಕೆ ಬ್ರಿಟನ್ ರೈಲು ಹಕ್ಕು ಕೇಳುವುದಿಲ್ಲ. ಯಾಂಗ್‌ತ್ಸೆ ನದಿಯ ಬಯಲಿನಲ್ಲಿ ರಷ್ಯಾ ಕೇಳುವುದಿಲ್ಲ. ಸಾರಾಂಶ ಇಷ್ಟೇ.

ಗೋಡೆ ಚೀನಾದ್ದು, ನದಿ ಚೀನಾದ್ದು, ಒಪ್ಪಂದದಲ್ಲಿ ಮಾತ್ರ ಚೀನಾ ಇಲ್ಲ! ಹೊರಗಿನವರನ್ನು ತಡೆಯಲು ಕಟ್ಟಿದ ಗೋಡೆಯನ್ನು ಇಬ್ಬರು ಹೊರಗಿನವರು ತಮ್ಮ ಪಾಲಿನ ಗೆರೆ ಮಾಡಿಕೊಂಡಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಮನೆಯ ಜಗಲಿ ಕಣ್ಣಮುಂದೆ ಬಂತು. ಹೋಲಿಕೆ ದೊಡ್ಡದಾಯಿತು, ಗೊತ್ತು. ಆದರೂ ಬಂತು.

ಇಂಥ ಹೊತ್ತಿನಲ್ಲಿ ಚೀನಾ ಏನು ಮಾಡುತ್ತಿತ್ತು? ಸುಮ್ಮನೆ ಇರುತ್ತಿತ್ತೇ? ಇಲ್ಲ. ಅದಕ್ಕೂ ಮೊದಲಿನ ಇಪ್ಪತ್ತೈದು ವರ್ಷಗಳಲ್ಲಿ ಅದು ಒಂದು ಪಾಠವನ್ನು ಬಹಳ ದುಬಾರಿಯಾಗಿ ಕಲಿತಿತ್ತು.

ಒಂದು ವಾಕ್ಯ, ಎರಡು ಕಾಲ

ಚೀನಾದಲ್ಲಿ ವಿದೇಶಾಂಗ ವ್ಯವಹಾರಕ್ಕೆಂದೇ ಝೋಂಗ್ಲಿ ಯಾಮೆನ್ ಎಂಬ ಕಚೇರಿ ಹುಟ್ಟಿದ್ದು 1861ರಲ್ಲಿ. ಅದಕ್ಕೆ ಮೊದಲು ಅಂಥದ್ದರ ಅಗತ್ಯವೇ ಅವರಿಗೆ ಕಂಡಿರಲಿಲ್ಲ. ಹೊರಗಿನವರೆಂದರೆ ಕಪ್ಪ ತರುವವರು ಎಂಬ ಭಾವನೆ. ಹೊಸ ಕಚೇರಿಯವರು ಹೊಸ ಆಟದ ನಿಯಮ ಕಲಿಯಬೇಕಾಯಿತು. ಅಮೆರಿಕದ ಹೆನ್ರಿ ವೀಟನ್ ಬರೆದ ಅಂತರರಾಷ್ಟ್ರೀಯ ಕಾನೂನಿನ ಪುಸ್ತಕ 1864ರಲ್ಲಿ ಚೀನೀ ಭಾಷೆಗೆ ಬಂತು. ಅದೇ ವರ್ಷ ಯುರೋಪಿನಲ್ಲಿ ಡೆನ್ಮಾರ್ಕ್ ಜೊತೆ ಯುದ್ಧದಲ್ಲಿದ್ದ ಪ್ರಷ್ಯಾ, ಚೀನಾದ ಕರಾವಳಿಯಲ್ಲಿ ಡೆನ್ಮಾರ್ಕಿನ ಹಡಗುಗಳನ್ನು ಹಿಡಿಯಿತು. ಪುಸ್ತಕ ಓದಿದ್ದ ಯಾಮೆನ್, ‘ಇದು ನಮ್ಮ ನೀರು, ಇಲ್ಲಿ ಹಿಡಿಯುವ ಹಕ್ಕು ನಿಮಗಿಲ್ಲ’ ಎಂದು ವಾದಿಸಿತು. ಪ್ರಷ್ಯಾ ಹಡಗುಗಳನ್ನು ಬಿಟ್ಟು ಪರಿಹಾರವನ್ನೂ ಕೊಟ್ಟಿತು. ಥಿಯರಿ ಓದಿ ಲ್ಯಾಬ್‌ಗೆ ಹೋದ ಮೊದಲ ದಿನವೇ ಪ್ರಯೋಗದ ಉತ್ತರ ಸರಿ ಬಂದಂತೆ.

ಎಲ್ಲ ಪ್ರಯೋಗ ಹಾಗಾಗಲಿಲ್ಲ. 1874ರ ಮಾರ್ಚ್‌ನಲ್ಲಿ ಫ್ರಾನ್ಸ್ ಮತ್ತು ವಿಯೆಟ್ನಾಂ ಸೈಗಾನ್‌ನಲ್ಲಿ ಒಪ್ಪಂದ ಮಾಡಿಕೊಂಡವು. ವಿಯೆಟ್ನಾಂ ಯಾರ ಅಧೀನದಲ್ಲೂ ಇಲ್ಲದ ಸ್ವತಂತ್ರ ರಾಜ್ಯ ಎಂದು ಅದರಲ್ಲಿತ್ತು. ಕೇಳಲು ಚೆನ್ನಾಗಿದೆ. ಆದರೆ ಅದರ ಗುರಿ ವಿಯೆಟ್ನಾಮಿನ ಸ್ವಾತಂತ್ರ್ಯವಲ್ಲ, ಅಲ್ಲಿಂದ ಚೀನಾವನ್ನು ಹೊರಗಿಡುವುದು. ವಿಯೆಟ್ನಾಂ ಪೆಕಿಂಗ್‌ಗೆ ಕಪ್ಪ ಕಳಿಸುತ್ತಿದ್ದ ದೇಶ. 1875ರಲ್ಲಿ ಫ್ರಾನ್ಸ್ ಈ ಒಪ್ಪಂದವನ್ನು ಯಾಮೆನ್‌ಗೆ ತಿಳಿಸಿತು. ಯಾಮೆನ್‌ನ ಮುಖ್ಯಸ್ಥ ರಾಜಕುಮಾರ ಗಾಂಗ್ ಉತ್ತರ ಬರೆಸಿದ: ವಿಯೆಟ್ನಾಂ ಬಹುಕಾಲದಿಂದ ಚೀನಾದ ಅಧೀನ ರಾಜ್ಯ.

ಫ್ರೆಂಚರ ಅನುವಾದದಲ್ಲಿ ಈ ವಾಕ್ಯ ‘ಬಹುಕಾಲ ಚೀನಾದ ಅಧೀನವಾಗಿತ್ತು’ ಎಂದಾಯಿತು. ಚೀನೀ ಭಾಷೆಯಲ್ಲಿ ಕ್ರಿಯಾಪದಕ್ಕೆ ನಮ್ಮ ಹಾಗೆ ಕಾಲದ ಪ್ರತ್ಯಯವಿಲ್ಲ. ‘ಆಗಿದೆ’ ಎಂಬುದು ‘ಆಗಿತ್ತು’ ಎಂದು ಬದಲಾಗಲು ಅಷ್ಟು ಸಾಕಾಯಿತು. ಪ್ಯಾರಿಸ್‌ನಲ್ಲಿ ಓದಿದವರು, ಚೀನಾ ತನ್ನ ಹಕ್ಕು ಬಿಟ್ಟುಕೊಟ್ಟಿದೆ ಎಂದುಕೊಂಡರು. ಪೆಕಿಂಗ್‌ನಲ್ಲಿ ಬರೆದವರು, ನಮ್ಮ ಹಕ್ಕು ಸಾಧಿಸಿ ಆಯಿತು ಎಂದುಕೊಂಡರು. ವಿಯೆಟ್ನಾಂ ಆಮೇಲೂ ಎರಡು ಸಲ ಪೆಕಿಂಗ್‌ಗೆ ಕಪ್ಪದ ನಿಯೋಗ ಕಳಿಸಿತು. ಯಾರೂ ಸ್ಪಷ್ಟಪಡಿಸಿಕೊಳ್ಳಲಿಲ್ಲ.

1880ರ ಹೊತ್ತಿಗೆ ಪ್ಯಾರಿಸ್‌ನಲ್ಲಿದ್ದ ಚೀನಾದ ರಾಯಭಾರಿ ಝೆಂಗ್ ಜಿಝೆಗೆ ಅಪಾಯ ಅರಿವಾಯಿತು. 1874ರ ಒಪ್ಪಂದವನ್ನು ಚೀನಾ ಮಾನ್ಯ ಮಾಡುವುದಿಲ್ಲ ಎಂದು ಆತ ಮತ್ತೆ ಮತ್ತೆ ಹೇಳಿದ. ಆಗ ಫ್ರಾನ್ಸ್ ಕೇಳಿದ್ದು: ಹಾಗಿದ್ದರೆ 1875ರಲ್ಲೇ ಯಾಕೆ ಹೇಳಲಿಲ್ಲ? ತಡವಾಗಿತ್ತು. 1884ರಲ್ಲಿ ಫ್ರೆಂಚರು ವಿಯೆಟ್ನಾಂ ಮೇಲೆ ಇನ್ನೂ ಬಿಗಿಯಾದ ಒಪ್ಪಂದ ಹೇರಿದರು. ಚೀನಾ ಹಿಂದೆ ವಿಯೆಟ್ನಾಮಿನ ದೊರೆಗೆ ಕೊಟ್ಟಿದ್ದ ಮುದ್ರೆಯನ್ನು ಆ ಸಂದರ್ಭದಲ್ಲಿ ಕರಗಿಸಿಬಿಟ್ಟರು. ಎರಡೂ ದೇಶಗಳ ನಡುವೆ ಯುದ್ಧವಾಯಿತು. 1884ರ ಆಗಸ್ಟ್ 23ರಂದು ಫುಝೌ ಬಂದರಿನಲ್ಲಿ ಚೀನಾದ ನೌಕಾಪಡೆ ಸ್ವಲ್ಪ ಹೊತ್ತಿನಲ್ಲೇ ನಾಶವಾಯಿತು. 1885ರ ಜೂನ್‌ನಲ್ಲಿ ಚೀನಾ ಸಹಿ ಹಾಕಿ, ವಿಯೆಟ್ನಾಂ ಮೇಲಿನ ಹಕ್ಕು ಬಿಟ್ಟುಕೊಟ್ಟಿತು.

ನನ್ನ ಮೊದಲ ವರ್ಷದ ಮುನಿಸು ಇದೇ ಜಾತಿಯದು. ನಾನು ‘ಬೇಡ’ ಎಂದುಕೊಂಡು ಸುಮ್ಮನಿದ್ದೆ, ಅಪ್ಪ ‘ಸರಿ’ ಎಂದು ಓದಿಕೊಂಡರು. ಅಸ್ಪಷ್ಟ ಉತ್ತರವನ್ನು ಎದುರಿನವರು ತಮಗೆ ಅನುಕೂಲವಾಗುವ ಕಾಲದಲ್ಲೇ ಅನುವಾದ ಮಾಡಿಕೊಳ್ಳುತ್ತಾರೆ.

ಸಹಿ ಹಾಕದ ಅಧಿಕಾರಿ

ಇಪ್ಪತ್ತು ವರ್ಷಗಳ ನಂತರದ ಚೀನಾ ಬೇರೆಯೇ ಥರ ನಡೆದುಕೊಂಡಿತು. 1904ರಲ್ಲಿ ಬ್ರಿಟಿಷ್ ಭಾರತದ ಸೇನೆ ಯಂಗ್‌ಹಸ್ಬೆಂಡ್ ಜೊತೆ ಲಾಸಾಕ್ಕೆ ನುಗ್ಗಿತು. ಸೆಪ್ಟೆಂಬರ್ 7ರಂದು ಪೊಟಾಲ ಅರಮನೆಯಲ್ಲಿ ಟಿಬೆಟಿನವರಿಂದ ಒಪ್ಪಂದಕ್ಕೆ ಮುದ್ರೆ ಹಾಕಿಸಿಕೊಂಡಿತು. ಲಾಸಾದಲ್ಲಿದ್ದ ಚೀನಾದ ಅಧಿಕಾರಿ ಯೂತೈ ಅಲ್ಲೇ ಇದ್ದ. ಆದರೆ ಸಹಿ ಹಾಕಬೇಡ ಎಂದು ಪೆಕಿಂಗ್ ಆತನಿಗೆ ತಿಳಿಸಿತ್ತು. ಆತ ಹಾಕಲಿಲ್ಲ.

ಸೈನ್ಯವಿಲ್ಲದ ಕಡೆ ಖಾಲಿ ಬಿಟ್ಟ ಆ ಒಂದು ಸಾಲು ಕೆಲಸ ಮಾಡಿತು. ಚೀನಾದ ಒಪ್ಪಿಗೆ ಬೇಕೆಂದು ಬ್ರಿಟನ್ನೇ ಮಾತುಕತೆಗೆ ಕೂತಿತು. 1905ರಲ್ಲಿ ಕಲ್ಕತ್ತಾಕ್ಕೆ ಬಂದ ಚೀನೀ ಪ್ರತಿನಿಧಿ ಟಾಂಗ್ ಶಾವೊಯಿ ಒಂದೇ ಒಂದು ಪದಕ್ಕೆ ಪಟ್ಟು ಹಿಡಿದ. ಟಿಬೆಟ್ ಮೇಲೆ ಚೀನಾಕ್ಕಿರುವುದು ಮೇಲಾಧಿಪತ್ಯ ಎಂದು ಬ್ರಿಟಿಷರು, ಅಲ್ಲ, ಸಾರ್ವಭೌಮತ್ವ ಎಂದು ಆತ. ಮೊದಲನೆಯದು ಹೆಸರಿಗೆ ಹಿರಿತನ, ಎರಡನೆಯದು ಪೂರ್ತಿ ಒಡೆತನ. ಕಲ್ಕತ್ತಾದಲ್ಲಿ ಮಾತು ಕೂಡಿಬರಲಿಲ್ಲ. 1906ರ ಏಪ್ರಿಲ್ 27ರಂದು ಪೆಕಿಂಗ್‌ನಲ್ಲಿ ಸಹಿಯಾದ ಒಪ್ಪಂದದಲ್ಲಿ ಎರಡೂ ಪದಗಳಿಲ್ಲ. ಟಿಬೆಟ್ ಕೊಡಬೇಕಿದ್ದ ಪರಿಹಾರವನ್ನು ಬ್ರಿಟಿಷರು 75 ಲಕ್ಷ ರೂಪಾಯಿಯಿಂದ 25 ಲಕ್ಷಕ್ಕೆ ಇಳಿಸಿದ್ದರು. ಅದನ್ನು ಚೀನಾ ತಾನೇ ಕಟ್ಟಿತು. ಮನೆಯ ಬಿಲ್ ಕಟ್ಟುವವನೇ ಯಜಮಾನ ಎಂಬುದು ಎಲ್ಲ ಊರಿನಲ್ಲೂ ನಡೆಯುವ ಲೆಕ್ಕ.

1905ರ ಜುಲೈಯಲ್ಲೂ ಅದೇ ಎಚ್ಚರ. ರಷ್ಯಾ–ಜಪಾನ್ ಯುದ್ಧ ನಡೆದದ್ದು ಬಹುಪಾಲು ಚೀನಾದ ಮಂಚೂರಿಯಾದಲ್ಲಿ. ಅವರಿಬ್ಬರು ಸಂಧಿಗೆ ಕೂರುವ ಮೊದಲೇ ಚೀನಾ ಎರಡೂ ಕಡೆಗೆ ತಿಳಿಸಿತು: ನಮ್ಮನ್ನು ಕೇಳದೆ ನಮ್ಮ ಬಗ್ಗೆ ಮಾಡಿಕೊಳ್ಳುವ ಯಾವ ಏರ್ಪಾಡನ್ನೂ ನಾವು ಮಾನ್ಯ ಮಾಡುವುದಿಲ್ಲ. ಸೆಪ್ಟೆಂಬರ್ 5ರ ಪೋರ್ಟ್ಸ್‌ಮತ್ ಒಪ್ಪಂದದಲ್ಲಿ ರಷ್ಯಾದ ಗುತ್ತಿಗೆಗಳು ಜಪಾನಿಗೆ ಹೋಗಲು ಚೀನಾದ ಒಪ್ಪಿಗೆ ಬೇಕು ಎಂಬ ಮಾತು ಸೇರಿತು. ಜಪಾನಿನ ಮಂತ್ರಿ ಕೊಮುರಾ ಪೆಕಿಂಗ್‌ಗೆ ಬಂದು ಡಿಸೆಂಬರ್ 22ರಂದು ಆ ಒಪ್ಪಿಗೆ ಪಡೆದ. ‘ಇಲ್ಲ’ ಎನ್ನುವ ಶಕ್ತಿ ಚೀನಾಕ್ಕೆ ಇರಲಿಲ್ಲ. ಆದರೆ ಬಂದು ಕೇಳುವಂತೆ ಮಾಡಿತು.

ಇಲ್ಲಿ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ತನ್ನನ್ನು ಕೇಳಲಿಲ್ಲ ಎಂದು ಸಿಟ್ಟಾದ ಪೆಕಿಂಗ್, ಟಿಬೆಟಿನವರನ್ನು ಕೇಳಿತೇ? 1906ರ ಒಪ್ಪಂದ ಮಾಡುವಾಗ ಅವರು ಅಲ್ಲಿರಲಿಲ್ಲ. 1907ರಲ್ಲಿ ಬ್ರಿಟನ್ ಮತ್ತು ರಷ್ಯಾ ಟಿಬೆಟ್ ಮೇಲೆ ಚೀನಾದ ಮೇಲಾಧಿಪತ್ಯವನ್ನು ಒಪ್ಪಿ ಸಹಿ ಹಾಕಿದಾಗಲೂ ಇರಲಿಲ್ಲ. 1910ರಲ್ಲಿ ಚೀನಾದ ಸೇನೆ ಲಾಸಾ ಹೊಕ್ಕಾಗ ಹದಿಮೂರನೆಯ ದಲೈ ಲಾಮಾ ಭಾರತಕ್ಕೆ ಓಡಿಬಂದರು. ಬೈಲಕುಪ್ಪೆಯ ಬೀದಿಗಳಲ್ಲಿ ಓಡಾಡಿದ ನಮಗೆ, ಇದಕ್ಕೆ ಅರ್ಧ ಶತಮಾನದ ನಂತರ ಏನಾಯಿತೆಂದು ಬೇರೆ ಹೇಳಬೇಕಿಲ್ಲ. ನೋವು ಉಂಡವರು ಅದನ್ನೇ ಇನ್ನೊಬ್ಬರಿಗೆ ಬಡಿಸುವುದಿಲ್ಲ ಎಂಬ ಖಾತರಿ ಏನಿಲ್ಲ.

ಕಂಡಿಯಲ್ಲಿ ತೂರಿದ ರೈಲು

ಈಗ ಗೆಳೆಯನ ಪ್ರಶ್ನೆಗೆ ಬರುತ್ತೇನೆ. 1899ರಲ್ಲಿ ಬ್ರಿಟನ್ ಮತ್ತು ರಷ್ಯಾ ಗೋಡೆಯನ್ನು ಗೆರೆ ಮಾಡಿಕೊಂಡ ಮೇಲೆ, ಜೂನ್‌ನಲ್ಲಿ ರಷ್ಯಾ ಚೀನಾದಿಂದ ಇನ್ನೊಂದು ಮಾತು ಪಡೆಯಿತು. ಪೆಕಿಂಗ್‌ನಿಂದ ಉತ್ತರಕ್ಕೆ ರಷ್ಯಾದ ಗಡಿಯ ಕಡೆ ರೈಲು ಹಾಕುವ ಕೆಲಸವನ್ನು ಬೇರೆ ದೇಶಕ್ಕೆ ಕೊಡುವುದಾದರೆ ಮೊದಲು ರಷ್ಯಾವನ್ನು ಕೇಳಬೇಕು. ಆದರೆ ಈ ಭರವಸೆ ಕೊಡುವಾಗ ಚೀನಾ ಒಂದು ಕಂಡಿ ಬಿಟ್ಟುಕೊಂಡಿತ್ತು. ತನ್ನದೇ ಹಣದಲ್ಲಿ, ತನ್ನದೇ ಮೇಲ್ವಿಚಾರಣೆಯಲ್ಲಿ ತಾನೇ ಕಟ್ಟಿಕೊಳ್ಳುವ ಹಕ್ಕು ತನಗಿದೆ ಎಂದು ಹೇಳಿತ್ತು.

ಆಗ ಅದು ಬರೀ ಮರ್ಯಾದೆ ಉಳಿಸಿಕೊಳ್ಳುವ ಮಾತಿನಂತೆ ಕಂಡಿರಬೇಕು. 1905ರಲ್ಲಿ ಪೆಕಿಂಗ್–ಕಲ್ಗನ್ ಮಾರ್ಗದ ಪ್ರಸ್ತಾಪ ಬಂದಾಗ ಅದೇ ಬಾಗಿಲಾಯಿತು. ಉತ್ತರ ಚೀನಾದ ರೈಲಿನ ಲಾಭದ ಹಣದಲ್ಲಿ ಇದನ್ನು ಕಟ್ಟುವ ಯೋಚನೆ. ಆ ರೈಲಿಗೆ ಸಾಲ ಕೊಟ್ಟಿದ್ದವರು ಬ್ರಿಟಿಷರು. ಹಾಗಾಗಿ ಮುಖ್ಯ ಎಂಜಿನಿಯರ್ ನಮ್ಮವನೇ ಆಗಬೇಕು ಎಂದರು. ಗೋಡೆಯ ಆಚೆಗೆ ಬ್ರಿಟಿಷರು ಬರುವಂತಿಲ್ಲ ಎಂದು ರಷ್ಯಾ ತಡೆಯಿತು. ಇಬ್ಬರೂ ತಮ್ಮ ತಮ್ಮ ಕಾಗದ ಹಿಡಿದು ನಿಂತರು. ಕೊನೆಗೆ ಇಬ್ಬರೂ ಬೇಡ, ಚೀನಾ ತನ್ನ ಹಣ, ತನ್ನ ಎಂಜಿನಿಯರ್‌ಗಳಿಂದಲೇ ಕಟ್ಟುತ್ತದೆ ಎಂಬಲ್ಲಿಗೆ ಬಂತು. ಅಂಥ ಎಂಜಿನಿಯರ್ ಚೀನಾದಲ್ಲಿ ಎಲ್ಲಿದ್ದಾನೆ ಎಂಬುದು ಹೊರಗಿನ ಹಲವರ ಅನುಮಾನ.

ಇದ್ದ. 1872ರಿಂದ 1875ರವರೆಗೆ ಚೀನಾ ಸರ್ಕಾರ 120 ಹುಡುಗರನ್ನು ಓದಲು ಅಮೆರಿಕಕ್ಕೆ ಕಳಿಸಿತ್ತು. ಮೊದಲ ತಂಡದಲ್ಲಿ ಹೋದ ಬಾಲಕ ಝಾನ್, 1881ರಲ್ಲಿ ಯೇಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಮುಗಿಸಿದ. ಕಲ್ಕತ್ತಾದಲ್ಲಿ ಪದಕ್ಕೆ ಪಟ್ಟು ಹಿಡಿದ ಟಾಂಗ್ ಶಾವೊಯಿ ಕೂಡ ಅದೇ ಯೋಜನೆಯ ಹುಡುಗ. 1881ರಲ್ಲೇ ಸರ್ಕಾರ ಯೋಜನೆ ನಿಲ್ಲಿಸಿ ಎಲ್ಲರನ್ನೂ ವಾಪಸ್ ಕರೆಸಿಕೊಂಡಿತು. ಪದವಿ ಪೂರೈಸಿದ್ದವರು ಬೆರಳೆಣಿಕೆಯಷ್ಟು. ಫುಝೌ ಬಂದರಿನಲ್ಲಿ ಮುಳುಗಿದ ಹಡಗುಗಳಲ್ಲಿ ಸತ್ತವರಲ್ಲಿ ಈ ಹುಡುಗರಲ್ಲಿ ಕೆಲವರಿದ್ದರು.

ಝಾನ್‌ಗೆ ಸಿಕ್ಕ ಕೆಲಸವೇನು ಗೊತ್ತೇ? ರೈಲಲ್ಲ. ನೌಕಾ ತರಬೇತಿಗೆ ಹಾಕಿದರು, ಆಮೇಲೆ ಪಾಠ ಹೇಳಲು ಕಳಿಸಿದರು. ಯೇಲ್‌ನ ಸಿವಿಲ್ ಎಂಜಿನಿಯರ್ ಇಂಗ್ಲಿಷ್ ಕಲಿಸುತ್ತಿದ್ದ! ರೈಲ್ವೆಗೆ ಸೇರಿದ್ದು ಏಳು ವರ್ಷದ ನಂತರ, 1888ರಲ್ಲಿ. ಅದೂ ಬ್ರಿಟಿಷ್ ಎಂಜಿನಿಯರ್ ಕೈಕೆಳಗೆ. ಕೋರ್ಸ್ ಒಂದು, ಕೆಲಸ ಇನ್ನೊಂದು ಎಂದು ಕೊರಗುವ ನಮ್ಮಂಥವರಿಗೆ ಈ ಏಳು ವರ್ಷ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಆತ ಹದಿನೇಳು ವರ್ಷ ಸೇತುವೆ, ಹಳಿ ಎಂದು ಕೆಲಸ ಮಾಡಿ ಕೈ ಪಳಗಿಸಿಕೊಂಡಿದ್ದ. 1905ರಲ್ಲಿ ಕಂಡಿ ತೆರೆದಾಗ ಅದರಲ್ಲಿ ತೂರಬಲ್ಲ ಒಬ್ಬ ಮನುಷ್ಯ ಸಿದ್ಧನಿದ್ದ. ಆತ ಇಲ್ಲದಿದ್ದರೆ 1899ರ ಆ ಷರತ್ತು ಕಾಗದದಲ್ಲೇ ಉಳಿಯುತ್ತಿತ್ತು.

ಇಷ್ಟು ಓದಿದ ಮೇಲೆ ನನಗೆ ಅನಿಸಿದ್ದು ಇದು. ನಮ್ಮನ್ನು ಕೇಳದೆ ಬೇರೆಯವರು ತೀರ್ಮಾನ ಮಾಡಿದಾಗ ಸುಮ್ಮನಿದ್ದರೆ ಅದು ಒಪ್ಪಿಗೆಯಾಗುತ್ತದೆ. ಸ್ಪಷ್ಟವಾಗಿ ‘ಒಪ್ಪಿಲ್ಲ’ ಎಂದರೆ ಕನಿಷ್ಠ ಬಂದು ಕೇಳುತ್ತಾರೆ. ಆದರೆ ತೀರ್ಮಾನ ನಮ್ಮ ಕೈಗೆ ಬರಬೇಕಾದರೆ ‘ನಾನೇ ಮಾಡುತ್ತೇನೆ’ ಎನ್ನುವ ಷರತ್ತು ಇರಬೇಕು, ಮಾಡಿ ತೋರಿಸುವ ಕಸುಬೂ ಇರಬೇಕು.

ರೈಲು ಬಂತೆಂದು ರಾಜವಂಶ ಉಳಿಯಲಿಲ್ಲ. 1911ರ ಮೇ ತಿಂಗಳಲ್ಲಿ ಅದೇ ಸರ್ಕಾರ, ಸಿಚುವಾನ್ ಮತ್ತಿತರ ಪ್ರಾಂತಗಳ ಜನ ದುಡ್ಡು ಹಾಕಿ ಶುರುಮಾಡಿದ್ದ ರೈಲು ಯೋಜನೆಗಳನ್ನು ತನ್ನದಾಗಿಸಿಕೊಂಡು, ನಾಲ್ಕು ದೇಶಗಳ ಬ್ಯಾಂಕುಗಳ ಜೊತೆ ಸಾಲಕ್ಕೆ ಸಹಿ ಹಾಕಿತು. ಷೇರುದಾರರನ್ನು ಕೇಳಲಿಲ್ಲ. ಸಿಚುವಾನ್ ದಂಗೆ ಎದ್ದಿತು. ಅದನ್ನು ಅಡಗಿಸಲು ನೆರೆಯ ಹುಬೆಯಿಂದ ಸೈನಿಕರನ್ನು ಕಳಿಸಿದರು. ಅಕ್ಟೋಬರ್ 10ರಂದು ಹುಬೆಯ ವುಚಾಂಗ್‌ನಲ್ಲೇ ಕ್ರಾಂತಿ ಶುರುವಾಯಿತು. 1912ರ ಫೆಬ್ರುವರಿಗೆ ಚಕ್ರವರ್ತಿಯೇ ಇರಲಿಲ್ಲ. ಹೊರಗಿನವರು ಕೇಳದೆ ಹಾಕಿದ ಸಹಿಗಳಿಗೆ ಅಷ್ಟು ವರ್ಷ ಪತ್ರ ಬರೆದ ಸರ್ಕಾರ, ಕೊನೆಗೆ ತನ್ನವರನ್ನೇ ಕೇಳದೆ ಹಾಕಿದ ಸಹಿಯಿಂದ ಬಿತ್ತು.

ಮೂರನೇ ಕುರ್ಚಿ

ಹೋದ ತಿಂಗಳು ಊರಿಗೆ ಹೋಗಿದ್ದೆ. ಭಾನುವಾರ ಮಾವ ಬಂದರು. ಜಗಲಿಯಲ್ಲಿ ಕಾಫಿ, ಮಾತು. ಬಿಇ ಮುಗಿದ ಮೇಲೆ ನಾನು ಮಾವನ ಆಫೀಸಿನಲ್ಲೇ ಲೆಕ್ಕ, ನಕ್ಷೆ ನೋಡಿಕೊಂಡು ಇರಬಹುದು ಎಂಬ ಮಾತು ಶುರುವಾಗಿತ್ತು. ನಾನು ಒಳಗಿನಿಂದ ಒಂದು ಕುರ್ಚಿ ಎತ್ತಿಕೊಂಡು ಹೋಗಿ ಅವರ ಪಕ್ಕ ಹಾಕಿ ಕೂತೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು.

‘ನನಗೆ ರೈಲ್ವೆ ಕಡೆ ಹೋಗಬೇಕು ಅಂತಿದೆ. ಪರೀಕ್ಷೆಗೆ ಓದ್ತೀನಿ’ ಎಂದೆ. ಸಿವಿಲ್ ಬೇಡ ಎಂದು ಮುನಿಸಿಕೊಂಡವಳ ಬಾಯಲ್ಲಿ ಈ ಮಾತು ಕೇಳಿ ಅಪ್ಪ ನಕ್ಕರು. ಮಾವ ನಗಲಿಲ್ಲ. ‘ಮೊದಲ ವರ್ಷದ್ದು ಎರಡೂ ಪಾಸಾಯ್ತಾ?’ ಎಂದರು.

ಒಂದು ಪಾಸಾಗಿದೆ. ಗಣಿತ ಇನ್ನೂ ಇದೆ. ಹಾಗೇ ಹೇಳಿದೆ. ‘ಅದು ಮುಗಿಸು, ಆಮೇಲೆ ಕೂತು ಮಾತಾಡೋಣ’ ಎಂದರು ಮಾವ. ಮೂವರೂ ಎಂದು ಅವರು ಹೇಳಲಿಲ್ಲ. ನಾನೇ ಸೇರಿಸಿದೆ: ‘ಮೂವರೂ.’ ಮಾವ ತಲೆಯಾಡಿಸಿದರು.

ಪರೀಕ್ಷೆಗೆ ಇನ್ನು ಐದು ವಾರ ಇದೆ. ಗಣಿತದ ಪುಸ್ತಕ ತೆರೆದಿದ್ದೇನೆ.